ಅಪ್‌ಡೇಟ್: ಮೈಕೊರೈಜಾ ಹಾಕಿದರೂ ಏಳದಿದ್ದ ಅಶ್ವಗಂಧದ ಸಸಿಗಳು ಈಗ ಹೇಗಿವೆ?

ಎಲ್ಲರಿಗೂ ನಮಸ್ಕಾರ. ಮುಂಡರಗಿ ಹತ್ತಿರದ ನಮ್ಮ ಮಸಾರಿ ಹೊಲಕ್ಕೆ ಬೆಳೆಸಿದ್ದ ಅಶ್ವಗಂಧದ ಸಸಿಗಳು ಗಿಡ್ಡಗೇ ನಿಂತಿವೆ, ಮೈಕೊರೈಜಾ (ಬೇರಿನ ಜೊತೆ ಬೆಳೆದು ಗಿಡಕ್ಕೆ ನೀರು, ಪೋಷಕಾಂಶ ಎಳೆದುಕೊಡುವ ಶಿಲೀಂಧ್ರ) ಪುಡಿಯನ್ನು ಮೇಲೆ ಚೆಲ್ಲಿದರೂ ಏನೂ ಆಗಲಿಲ್ಲ ಅಂತ ಕೇಳಿದ್ದೆ. 45 ದಿನ ಆಯಿತು, ಫಲ ಸಿಕ್ಕಿದೆ.

ಕೆಲಸ ಮಾಡಿದ್ದು "ಪುಡಿ ಬೇರಿಗೆ ತಾಗಬೇಕು" ಎಂದವರ ಮಾತು. ಹೊಸ ಸಸಿಮಡಿಯಲ್ಲಿ ಬೀಜದ ಕೆಳಗೇ ಪುಡಿಯ ತೆಳು ಪದರ ಹಾಕಿದೆ. ರಂಜಕ ಇರುವ ಡಿಎಪಿ ಗೊಬ್ಬರವನ್ನು ಪೂರ್ತಿ ನಿಲ್ಲಿಸಿದೆ. ಮಣ್ಣಲ್ಲಿ ರಂಜಕ ಜಾಸ್ತಿ ಇದ್ದರೆ ಗಿಡ ಈ ಶಿಲೀಂಧ್ರವನ್ನು ಹತ್ತಿರ ಸೇರಿಸುವುದೇ ಕಡಿಮೆ. ನಾನು ಮೊದಲು ಡಿಎಪಿ, ಪುಡಿ ಎರಡನ್ನೂ ಒಟ್ಟಿಗೆ ಹಾಕಿದ್ದೆ! ಈಗಿನ ಸಸಿಗಳ ಬೇರು ದಟ್ಟವಾಗಿದೆ, ಎರಡು ದಿನ ನೀರು ತಪ್ಪಿದರೂ ಬಾಡಲಿಲ್ಲ.

ಪುಡಿಯನ್ನು ಬೆಲ್ಲದ ನೀರಲ್ಲಿ ಕಲಸಿಟ್ಟು ಶಿಲೀಂಧ್ರ ಹೆಚ್ಚಿಸುವ ಸಲಹೆ ಫಲಿಸಲಿಲ್ಲ. ಬೆಳೆ ರೋಗ ತಡೆಯಲು ಹಾಕುವ ಟ್ರೈಕೋಡರ್ಮಾ ಶಿಲೀಂಧ್ರ ಹಾಗೆ ಬೆಳೆಯುತ್ತದೆ, ಇದು ಬೆಳೆಯುವುದಿಲ್ಲ. ಇದಕ್ಕೆ ಜೀವಂತ ಬೇರೇ ಬೇಕು.

ನನಗೆ ಬಹಳ ಖುಷಿ ಕೊಟ್ಟ ವಿಷಯ ಇದು: ಕುಂಡದಲ್ಲಿ ಮರಳು-ಮಣ್ಣು ತುಂಬಿ, ಪುಡಿ ಹಾಕಿ, ಜೋಳ ಬಿತ್ತಿದರೆ ಅದರ ಬೇರಲ್ಲೇ ಶಿಲೀಂಧ್ರ ಹೆಚ್ಚುತ್ತದೆ. ಎರಡು-ಮೂರು ತಿಂಗಳಾದ ಮೇಲೆ ದಂಟು ಕೊಯ್ದು, ಬೇರು ಕತ್ತರಿಸಿ, ಆ ಮಣ್ಣಿನ ಸಮೇತ ಬಳಸಬಹುದು. ನಮ್ಮ ಜೋಳವೇ ಇದಕ್ಕೆ ಮನೆ ಅಲ್ವಾ! ಸಾಸಿವೆ, ಕೋಸು ಮಾತ್ರ ಬೇಡ, ಅವುಗಳ ಬೇರಿಗೆ ಇದು ಕೂಡುವುದಿಲ್ಲ.

ಬರಿಗಣ್ಣಿಗೆ ಶಿಲೀಂಧ್ರ ಕಾಣುವುದಿಲ್ಲ. ಬೇರಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲೇ ನೋಡಬೇಕು. ಒಂದಿಷ್ಟು ಬೇರನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಒಯ್ದು ಕೇಳಬೇಕು ಅಂದುಕೊಂಡಿದ್ದೇನೆ. ಜೋಳದ ಕುಂಡ ಇಟ್ಟು ಇವತ್ತಿಗೆ 20 ದಿನ.