ಅಪ್‌ಡೇಟ್: ಹಿಂದಿನ ಚಕ್ರ ಜಾರುವುದು ನಿಂತಿತು

ಬಳ್ಳಾರಿಯಿಂದ ತೋರಣಗಲ್ಲಿಗೆ ಬೈಕಿನಲ್ಲಿ ಕೆಲಸಕ್ಕೆ ಹೋಗುವಾಗ ಥಟ್ಟನೆ ಬ್ರೇಕ್ ಹಾಕಿದರೆ ಹಿಂದಿನ ಚಕ್ರ ಜಾರುತ್ತದೆ, ಏನು ಮಾಡಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ವಂದನೆಗಳು.

ಟೈರಿನ ಗಾಳಿ ಇಳಿಸುವ ಸಲಹೆ ಫಲಿಸಲಿಲ್ಲ. ತಿರುವುಗಳಲ್ಲಿ ಬೈಕ್ ತೂಗಾಡಿತು. ಹಿಂದಿನ ಬ್ರೇಕನ್ನೇ ನೆಚ್ಚಿಕೊಂಡರೆ ಜಾರುವುದು ಇನ್ನೂ ಹೆಚ್ಚು. ಕೈಹಿಡಿದದ್ದು 'ತರಬೇತಿಗೆ ಸೇರಿ, ಖಾಲಿ ಮೈದಾನದಲ್ಲಿ ಕಲಿಯಿರಿ' ಎಂದವರ ಮಾತು. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಸರಿದು ಹಿಂದಿನ ಚಕ್ರ ಹಗುರಾಗುತ್ತದೆ, ಹಾಗಾಗಿ ಅದು ಬೇಗ ಲಾಕ್ ಆಗುತ್ತದೆ, ಅಂದರೆ ತಿರುಗುವುದು ನಿಂತು ಜಾರುತ್ತದೆ. ಹೆಚ್ಚಿನ ಕೆಲಸ ಮುಂದಿನ ಬ್ರೇಕಿನದು. ಅದನ್ನು ಒಮ್ಮೆಲೇ ಎಳೆಯದೆ, ನಿಂಬೆಹಣ್ಣು ಹಿಂಡಿದಂತೆ ಬರಬರುತ್ತಾ ಬಿಗಿಗೊಳಿಸಬೇಕು. ಹಿಂದಿನದಕ್ಕೆ ಹಗುರವಾಗಿ ಕಾಲಿಟ್ಟರೆ ಸಾಕು. ಹ್ಯಾಂಡಲ್ ನೇರವಾಗಿರಲಿ, ದೃಷ್ಟಿ ದೂರದಲ್ಲಿರಲಿ. ನನ್ನದು ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದ ಹಳೆಯ ಬೈಕ್, ಅದರಲ್ಲೂ ಇದು ಚೆನ್ನಾಗಿ ನಡೆಯುತ್ತಿದೆ.

ನನ್ನನ್ನು ಬೆರಗಾಗಿಸಿದ್ದು ಬೇರೆಯೇ. ವೇಗದಲ್ಲಿರುವಾಗ ಎಡಕ್ಕೆ ವಾಲಬೇಕಾದರೆ ಎಡಗೈ ಹಿಡಿಯನ್ನು ಮುಂದಕ್ಕೆ ಒತ್ತಬೇಕು! ನಂಬಲಿಲ್ಲ; ಮೈದಾನದಲ್ಲಿ ಮಾಡಿ ನೋಡಿದ ಮೇಲೆ ನಂಬಿದೆ. ರಸ್ತೆಗುಂಡಿ ತಪ್ಪಿಸಲು ಇದಕ್ಕಿಂತ ಚುರುಕಾದ ದಾರಿಯಿಲ್ಲ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು: ಅದಿರಿನ ಪುಡಿ ಬಿದ್ದ ಜಾಗ ಕಂಡರೆ ಅಲ್ಲಿಗೆ ತಲುಪುವ ಮೊದಲೇ ವೇಗ ಇಳಿಸಿ, ಅದರ ಮೇಲೆ ಬ್ರೇಕ್ ಹಾಕಬೇಡಿ. ಲಾರಿಯ ಕನ್ನಡಿಯಲ್ಲಿ ಚಾಲಕನ ಮುಖ ನಿಮಗೆ ಕಾಣದಿದ್ದರೆ ನೀವೂ ಅವನಿಗೆ ಕಾಣುವುದಿಲ್ಲ.

ಹೆಲ್ಮೆಟ್ ಬಗ್ಗೆ ಕೇಳಿದ್ದವರಿಗೆ: ಐಎಸ್‌ಐ ಗುರುತಿನ ಜೊತೆ ಐಎಸ್ 4151 (ಹೆಲ್ಮೆಟ್‌ಗಳ ಭಾರತೀಯ ಮಾನದಂಡ) ಎಂದಿರುವುದನ್ನೇ ಕೊಳ್ಳಿ, ಪಟ್ಟಿ ಬಿಗಿಯಿರಿ. ಒದ್ದೆ ರಸ್ತೆಯ ಅಭ್ಯಾಸ ಬಾಕಿಯಿದೆ. ಮಳೆ ಹಿಡಿದಾಗ ಅದನ್ನೂ ಮೈದಾನದಲ್ಲೇ ಮಾಡುತ್ತೇನೆ.