ಸರ್ಕಾರಿ ಆಸ್ಪತ್ರೆ ಚೀಟಿಗೆ 20 ರೂಪಾಯಿ: ಬೇಕಾ, ಬೇಡವಾ?

ಲೆಕ್ಕಿಗ:
2024ರ ನವೆಂಬರ್‌ನಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ದರ ಏರಿತು. ಹೊರರೋಗಿ ಚೀಟಿ 10ರಿಂದ 20, ಒಳರೋಗಿ ದಾಖಲಾತಿ 25ರಿಂದ 50, ರಕ್ತಪರೀಕ್ಷೆ 70ರಿಂದ 120, ವಾರ್ಡ್ 25ರಿಂದ 50, ತ್ಯಾಜ್ಯ ನಿರ್ವಹಣೆ 10ರಿಂದ 50. ಒಂದೊಂದು ಸಲ ಕಟ್ಟಿದರೂ 140 ಇದ್ದದ್ದು 290. ಆದರೂ ನಾನು ಶುಲ್ಕದ ಪರ. ಈ ದುಡ್ಡು ಆಸ್ಪತ್ರೆಯಲ್ಲೇ ಉಳಿದರೆ, ಲ್ಯಾಬಲ್ಲಿ ರೀಏಜೆಂಟ್ (ಪರೀಕ್ಷೆಗೆ ಬಳಸೋ ರಾಸಾಯನಿಕ) ಮುಗಿದಾಗ ಮೇಲಿನ ಅನುದಾನಕ್ಕೆ ಕಾಯದೆ ತರಿಸಬಹುದು. ಇಲ್ಲದಿದ್ದರೆ ರೋಗಿಯನ್ನ ಹೊರಗಿನ ಲ್ಯಾಬಿಗೆ ಕಳಿಸ್ತಾರೆ. ಅಲ್ಲಿ ಈ ದರಕ್ಕೆ ಆಗಲ್ಲ.

ನೀಲಾ ಹುಬ್ಬಳ್ಳಿ:
ರೊಕ್ಕಕ್ಕಿಂತ ಪಾಳಿ ನೋಡ್ರಿ. ಚೀಟಿಗೆ ಒಂದು ಪಾಳಿ, ಡಾಕ್ಟರ್ ಬರೆದ ಮ್ಯಾಲೆ ರಕ್ತದ ರೊಕ್ಕ ಕಟ್ಟಾಕ ಇನ್ನೊಂದು, ರಸೀದಿ ತೋರಿಸಿ ರಕ್ತ ಕೊಡಾಕ ಮೂರನೇದು. ಅಷ್ಟರಾಗ ಓಪಿಡಿ ಮುಗಿದಿರ್ತದ, ರಿಪೋರ್ಟ್ ತೋರಿಸಾಕ ನಾಳೆ ಬರಬೇಕು. ಕೂಲಿಯವರಿಗೆ ಹೋಗೂದು 120 ಅಲ್ಲ, ಎರಡು ದಿನದ ಪಗಾರ. ರಿಯಾಯಿತಿಗೆ ಬಿಪಿಎಲ್ ಕಾರ್ಡ್ ತೋರಿಸು ಅಂತಾರ. ರಾಯಚೂರು, ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಬಂದವರ ಕಾರ್ಡ್ ಊರಾಗ ಅತ್ತಿ-ಮಾವನ ಹತ್ರ ಇರ್ತದ. ಅವರು ರೇಷನ್ ತರಬೇಕಲ್ಲ?

ಲೆಕ್ಕಿಗ:
ಅದು ವಿನಾಯಿತಿಯ ದೋಷ ಮೇಡಂ, ಶುಲ್ಕದ್ದಲ್ಲ. ಇಂಗ್ಲೆಂಡಲ್ಲಿ ವಿನಾಯಿತಿ ಇಟ್ಟೇ ವಸೂಲಿ ಮಾಡ್ತಾರಲ್ಲ.

ಲೀಡ್ಸ್ ಕನ್ನಡಿಗ:
ಆ ವಿನಾಯಿತಿಯೇ ಇಲ್ಲಿನ ತಲೆನೋವು ಸರ್. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ 1948ರಲ್ಲಿ ಪೂರ್ತಿ ಉಚಿತವಾಗಿ ಶುರುವಾಯಿತು. 1951ರಲ್ಲಿ ಕಟ್ಟಿಸುವ ಹಲ್ಲು, ಕನ್ನಡಕಕ್ಕೆ ದರ ಇಟ್ಟಾಗ, ಎನ್‌ಎಚ್‌ಎಸ್ ಅನ್ನು ಹುಟ್ಟುಹಾಕಿದ ಅನ್ಯೂರಿನ್ ಬೆವನ್ ಮಂತ್ರಿಗಿರಿಯನ್ನೇ ಬಿಟ್ಟರು. ಮದ್ದಿನ ಚೀಟಿಗೆ 1952ರಲ್ಲಿ ಶುಲ್ಕ ಬಂತು, 1965ರಲ್ಲಿ ಹೋಯಿತು, 1968ರಲ್ಲಿ ವಿನಾಯಿತಿ ಪಟ್ಟಿಯ ಜೊತೆ ಮತ್ತೆ ಬಂತು. ಆ ಪಟ್ಟಿ ಹೆಚ್ಚುಕಡಿಮೆ ಇವತ್ತಿಗೂ ಅದೇ. ಥೈರಾಯ್ಡ್ ಕೊರತೆಗೆ ಮಾತ್ರೆ ನುಂಗುವವರಿಗೆ ಎಲ್ಲಾ ಔಷಧಿ ಉಚಿತ, ಆಸ್ತಮಾದವರಿಗೆ ಇಲ್ಲ. 2024ರಿಂದ ಒಂದು ಐಟಂಗೆ, ಅಂದರೆ ಚೀಟಿಯ ಒಂದೊಂದು ಔಷಧಿಗೆ, 9.90 ಪೌಂಡ್. ಎರಡು ಇನ್‌ಹೇಲರ್, ಒಂದು ಮಾತ್ರೆ ಬರೆದರೆ 29.70. ಆಗ ರೋಗಿ ಫಾರ್ಮಸಿಯವರನ್ನು ಕೇಳುವುದು, "ಇದರಲ್ಲಿ ಯಾವುದು ಬಿಟ್ಟರೆ ನಡೆಯುತ್ತೆ?" ಉಬ್ಬಸ ತಡೆಯುವ ಇನ್‌ಹೇಲರ್ ಹಾಕಿದ ತಕ್ಷಣ ಆರಾಮ ಅನಿಸುವುದಿಲ್ಲ, ಹಾಗಾಗಿ ಬಿಡುವುದು ಅದನ್ನೇ. ಇಷ್ಟೆಲ್ಲ ಮಾಡಿಯೂ ಹತ್ತರಲ್ಲಿ ಸುಮಾರು ಒಂಬತ್ತು ಐಟಂ ಉಚಿತವಾಗಿಯೇ ಹೋಗುತ್ತವೆ. ವೇಲ್ಸ್ 2007ರಲ್ಲಿ, ಸ್ಕಾಟ್ಲೆಂಡ್ 2011ರಲ್ಲಿ ಶುಲ್ಕವನ್ನೇ ತೆಗೆದುಹಾಕಿದವು.

ಮಲ್ನಾಡ್ ಗಿರಿ:
20 ರೂಪಾಯಿ ಕಣ್ಣಿಗೆ ಕಾಣ್ತದೆ, ದೊಡ್ಡದು ಕಾಣಲ್ಲ ಮಾರಾಯ್ರೆ. ರಾಜ್ಯದ ಚಿಕಿತ್ಸಾ ನೆರವಿನ ಯೋಜನೆ ಆರೋಗ್ಯ ಕರ್ನಾಟಕದಲ್ಲಿ ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಚಿಕಿತ್ಸೆಗೆ ಗೊತ್ತು ಮಾಡಿದ ಒಟ್ಟು ದರ) 30 ಪರ್ಸೆಂಟ್ ಮಾತ್ರ ಸರ್ಕಾರದ್ದು. ಒಂದು ಲಕ್ಷದ ಆಪರೇಷನ್‌ಗೆ 70 ಸಾವಿರ ರೋಗಿ ಹೊಂದಿಸಬೇಕು. ಸಣ್ಣ ಕಾಯಿಲೆಗೆ ಶುರುವಲ್ಲೇ ಬರದಂಗೆ ಮಾಡಿದ್ರೆ ಆಮೇಲೆ ಬಂದು ನಿಲ್ಲೋದು ಅಲ್ಲಿಗೇ.

ಲೆಕ್ಕಿಗ:
ಇನ್‌ಹೇಲರ್ ಮಾತು ಒಪ್ಪಿದೆ. ರಕ್ತಪರೀಕ್ಷೆಯಂಥದ್ದಕ್ಕೆ ದುಡ್ಡು ಬೇಡ. ಸ್ಪೆಷಲ್ ವಾರ್ಡಿಗೆ ಇರಲಿ, ಅದು ರೋಗಿಯ ಆಯ್ಕೆ.

ನೀಲಾ ಹುಬ್ಬಳ್ಳಿ:
ಸ್ಪೆಷಲ್ ವಾರ್ಡಿಗೆ ತಗೊಳ್ರಿ, ತಕರಾರಿಲ್ಲ. ಉಳಿದದ್ದಕ್ಕೆ ಮೊದಲು ಒಂದು ಲೆಕ್ಕ ಬೇಕು: ಕೌಂಟರ್ ಸಿಬ್ಬಂದಿ ಪಗಾರ, ರಸೀದಿ, ಆಡಿಟ್ ಖರ್ಚು ಕಳೆದು ಆಸ್ಪತ್ರೆಗೆ ಉಳಿದದ್ದೆಷ್ಟು, ಅದರಾಗ ರೀಏಜೆಂಟ್ ಎಷ್ಟು ಬಂತು. ಅದನ್ನ ತಿಂಗಳಾ ತಿಂಗಳಾ ಚೀಟಿ ಕೌಂಟರಿನ ಗೋಡಿಗೇ ಹಚ್ಚಲಿ.