ಬಾಗಿಲು ಹಾಕುವುದು ಬೇಡ, ಮೇಷ್ಟ್ರೇ

ಮೇಷ್ಟ್ರೇ, ನಮಸ್ಕಾರ. 'ಗುಂಪು ಮೊದಲಿನ ಹಾಗಿಲ್ಲ, ಇನ್ನು ಯಾರನ್ನೂ ಸೇರಿಸುವುದು ಬೇಡ' ಅಂತ ನಮ್ಮ ಹಕ್ಕಿ ನೋಡುವವರ ವಾಟ್ಸಾಪ್ ಗುಂಪಿನಲ್ಲಿ ನಿನ್ನೆ ರಾತ್ರಿ ಹಾಕಿದ್ದಿರಿ. ನಿಮ್ಮ ಬೇಜಾರು ನನಗೂ ಇದೆ. ಆದರೆ ಬಾಗಿಲು ಹಾಕುವ ಮಾತು ಮಾತ್ರ ನನಗೆ ಒಪ್ಪಿಗೆ ಇಲ್ಲ. ಸ್ವಲ್ಪ ಉದ್ದ ಆಗುತ್ತೆ, ಎಲ್ಲರೂ ಕೇಳಿಸಿಕೊಳ್ಳಿ.

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುವವರು ನಲವತ್ತು ಜನ ಇದ್ದಾಗ ಈ ಗುಂಪಿಗೆ ನಿಯಮ ಅಂತ ಒಂದೂ ಇರಲಿಲ್ಲ. ಹೆಜ್ಜಾರ್ಲೆ ಬಂತು, ನೀರುಕಾಗೆ ಬಂತು ಅಂತ ಫೋಟೋ ಹಾಕುತ್ತಿದ್ದೆವು. ಗೂಡಿನ ಫೋಟೋ ಯಾರೂ ಹಾಕುತ್ತಿರಲಿಲ್ಲ. ಅದನ್ನು ಯಾರೂ ಪಾಠ ಮಾಡಲಿಲ್ಲ, ಜೊತೆಗೆ ನಡೆಯುತ್ತಾ ಬಂದದ್ದು. ಹೊಸಬರು ಬಂದರೂ ಒಬ್ಬರೋ ಇಬ್ಬರೋ, ಪಕ್ಕದಲ್ಲಿದ್ದವರನ್ನು ನೋಡಿ ಕಲಿಯುತ್ತಿದ್ದರು. ಆಮೇಲೆ ಲಿಂಕ್ ಊರೆಲ್ಲ ಓಡಾಡಿತು. ಈಗ ಎಂಟು ನೂರು ದಾಟಿದ್ದೇವೆ. ಅದರಲ್ಲಿ ಬಹಳ ಜನ ನಮ್ಮ ಜೊತೆ ಒಂದು ಬೆಳಗ್ಗೆಯೂ ನಡೆದಿಲ್ಲ.

ಮೊನ್ನೆ ಆ ಹುಡುಗ ಗೂಬೆ ಗೂಡಿನ ಫೋಟೋವನ್ನು ಲೊಕೇಶನ್ ಸಮೇತ ಹಾಕಿದ. ಭಾನುವಾರ ಮರದ ಕೆಳಗೆ ಕ್ಯಾಮೆರಾದವರ ಜಾತ್ರೆ. ಎಲ್ಲರೂ ಸೇರಿ ಅವನಿಗೆ ಬೈದರು. ಅವನು ಖುಷಿಯಲ್ಲಿ ಹಾಕಿದ್ದ ಅಲ್ವಾ? ಜನ ಮುತ್ತಿದರೆ ಹಕ್ಕಿ ಹೆದರಿ ಗೂಡು ಬಿಟ್ಟುಹೋಗಬಹುದು, ಮರಿಗಳು ಸಾಯಬಹುದು ಅಂತ ಅವನಿಗೆ ಯಾರು ಹೇಳಿದ್ದರು?

ನಮಗೊಬ್ಬರಿಗೇ ಆದದ್ದಲ್ಲ ಇದು. ವಾಟ್ಸಾಪ್‌ಗಿಂತ ಎಷ್ಟೋ ಮೊದಲು ಯೂಸ್‌ನೆಟ್ ಅಂತ ಒಂದು ಚರ್ಚೆಯ ಜಾಲ ಇತ್ತು. ಅಮೆರಿಕದಲ್ಲಿ ಸೆಪ್ಟೆಂಬರ್‌ನಲ್ಲಿ ಕಾಲೇಜು ಶುರು. ಆಗ ಹೊಸ ವಿದ್ಯಾರ್ಥಿಗಳು ನುಗ್ಗಿ ಸ್ವಲ್ಪ ದಿನ ಗಲಾಟೆ ಆಗುತ್ತಿತ್ತು, ಆಮೇಲೆ ಅವರೂ ಅಲ್ಲಿನ ರೀತಿ ಕಲಿಯುತ್ತಿದ್ದರು. 1993-94ರ ಹೊತ್ತಿಗೆ ಇಂಟರ್‌ನೆಟ್ ಕಂಪನಿಗಳು ತಮ್ಮ ಗಿರಾಕಿಗಳಿಗೆಲ್ಲ ಅದನ್ನು ತೆರೆದವು. ಹೊಸಬರು ಬರುವುದು ನಿಲ್ಲಲೇ ಇಲ್ಲ. ಹಳಬರು 1993ರ ಸೆಪ್ಟೆಂಬರ್‌ಗೆ 'ಮುಗಿಯದ ಸೆಪ್ಟೆಂಬರ್' ಅಂತಲೇ ಹೆಸರಿಟ್ಟರು. ಬಂದವರು ಕೆಟ್ಟವರಲ್ಲ. ಹೇಳಿಕೊಡುವವರು ಸಾಲದೆ ಹೋದರು, ಅಷ್ಟೇ.

ಹಾಗಂತ ಬಿಗಿ ಮಾಡಿದರೂ ಕಷ್ಟ. ಇಂಗ್ಲಿಷ್ ವಿಕಿಪೀಡಿಯದಲ್ಲಿ 2007ರ ನಂತರ ಬರೆಯುವವರ ಸಂಖ್ಯೆ ಇಳಿಯುತ್ತಾ ಬಂತು. ಒಳ್ಳೆ ಮನಸ್ಸಿನಿಂದ ಬಂದ ಹೊಸಬರು ಬರೆದದ್ದನ್ನೂ ಥಟ್ಟನೆ ಅಳಿಸಿಹಾಕಿದ್ದು ಒಂದು ಕಾರಣ ಅಂತ ಸಂಶೋಧಕರು ಹೇಳಿದರು. ನಾವು ಬೈದು ಕಳಿಸಿದ ಹುಡುಗ ಮತ್ತೆ ಹಕ್ಕಿ ನೋಡಲು ಬರುತ್ತಾನಾ?

ದಾರಿ ಇಲ್ಲದೆ ಏನಿಲ್ಲ. ರೆಡಿಟ್ ಅನ್ನುವ ಚರ್ಚೆಯ ಜಾಲತಾಣದಲ್ಲಿ ನೋಸ್ಲೀಪ್ ಅಂತ ದೆವ್ವದ ಕಥೆಗಳ ಗುಂಪಿದೆ. 2014ರಲ್ಲಿ ಅದಕ್ಕೆ ಲಕ್ಷಗಟ್ಟಲೆ ಜನ ಬಂದು ಸೇರಿದರು. ಕಥೆ ಎಲ್ಲವೂ ನಿಜ ಅನ್ನುವ ಹಾಗೇ ಮಾತಾಡಬೇಕು, ಅದು ಅಲ್ಲಿನ ರೀತಿ. ಅಷ್ಟು ಜನ ಬಂದರೂ ಅದು ಉಳಿಯಿತು. ನೋಡಿಕೊಳ್ಳುವ ಅಡ್ಮಿನ್‌ಗಳು ಜಾಸ್ತಿ ಇದ್ದರು, ಎಲ್ಲರಿಗೂ ಒಂದೇ ನಿಯಮ ಇತ್ತು, ಹಳೆಯ ಸದಸ್ಯರೂ ತಪ್ಪು ಕಂಡರೆ ತಿಳಿಸುತ್ತಿದ್ದರು.

ವಾಟ್ಸಾಪ್‌ನವರು 2022ರಲ್ಲಿ ಗುಂಪಿನ ಮಿತಿಯನ್ನು 256ರಿಂದ 512ಕ್ಕೆ, ಆಮೇಲೆ 1,024ಕ್ಕೆ ಏರಿಸಿದರು. ಜಾಗ ಇದೆ ಅಂತ ತುಂಬಲೇಬೇಕಾ? ಆ ಲಿಂಕ್ ತೆಗೆದುಬಿಡೋಣ. ಸೇರಬೇಕು ಅಂದವರು ಮೊದಲು ಒಂದು ಭಾನುವಾರ ನಮ್ಮ ಜೊತೆ ನಡೆಯಲಿ, ಆಮೇಲೆ ಸೇರಿಸೋಣ. ನಿಧಾನ ಆಗುತ್ತೆ, ಆಗಲಿ. ಅಡ್ಮಿನ್ ಕೆಲಸ ಅಕ್ಕ ಒಬ್ಬರ ತಲೆ ಮೇಲೇ ಇದೆ, ಇನ್ನೂ ನಾಲ್ಕು ಜನ ಬೇಕು, ನಾನು ಸಿದ್ಧ. ಗೂಡಿನ ಲೊಕೇಶನ್ ಹಾಕಬಾರದು ಅನ್ನುವುದನ್ನು ಮೇಲೇ ಬರೆದಿಡೋಣ, ಕಾರಣದ ಸಮೇತ. ಕಂಡ ಹಕ್ಕಿಗಳನ್ನು ದಾಖಲಿಸುವ ಈಬರ್ಡ್ ಜಾಲತಾಣದಲ್ಲೂ ಅಪಾಯದಲ್ಲಿರುವ ಕೆಲವು ಹಕ್ಕಿಗಳ ಜಾಗ ಮುಚ್ಚಿಡುತ್ತಾರೆ.

ಆ ಹುಡುಗನಿಗೆ ನಾನೇ ಫೋನ್ ಮಾಡುತ್ತೇನೆ. ನಿಯಮದ ನಾಲ್ಕು ಸಾಲು ನೀವೇ ಬರೆದುಕೊಡಿ ಮೇಷ್ಟ್ರೇ, ನೀವು ಬರೆದರೆ ಗದರಿಸಿದ ಹಾಗಿರುವುದಿಲ್ಲ. ಇವತ್ತು ಸಂಜೆಯೊಳಗೆ ಸಿಕ್ಕರೆ ಅಕ್ಕ ಗುಂಪಿಗೆ ಹಾಕುತ್ತಾರೆ.